ಬ್ಯಾಟರ್ ಮೊದಲೋ, ಪಿಚರ್ ಮೊದಲೋ? ಡ್ರಾಫ್ಟ್ ಪಟ್ಟಿ ಹೀಗೆ ಮಾಡಿ

ಜುಲೈ ಬಂತೆಂದರೆ ಅಮೆರಿಕದ ಬೇಸ್‌ಬಾಲ್ ಪ್ರಿಯರು ಅಲ್ಲಿನ ಅತ್ಯುನ್ನತ ವೃತ್ತಿಪರ ಲೀಗಾದ ಮೇಜರ್ ಲೀಗ್‌ನ ಡ್ರಾಫ್ಟ್‌ಗೆ ತಮ್ಮದೇ ಪಟ್ಟಿ ಬರೆಯಲು ಕೂರುತ್ತಾರೆ. ಅಲ್ಲಿರುವ ನಮ್ಮ ಕನ್ನಡಿಗರಲ್ಲೂ ಈ ಗೀಳು ಹತ್ತಿದವರಿದ್ದಾರೆ. ಹೈಸ್ಕೂಲು, ಕಾಲೇಜುಗಳ ಆಟಗಾರರನ್ನು 30 ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಈ ವ್ಯವಸ್ಥೆ ಶುರುವಾದದ್ದು 1965ರಲ್ಲಿ. ಈಗ 20 ಸುತ್ತು ನಡೆಯುತ್ತದೆ. ಇವರ ಪಟ್ಟಿ ನೋಡಿದರೆ ಮೇಲಿನ ಸಾಲುಗಳ ತುಂಬ ಪಿಚರ್‌ಗಳೇ, ಅಂದರೆ ಬ್ಯಾಟರ್‌ಗೆ ಚೆಂಡೆಸೆಯುವವರೇ. ಎಸೆತದ ವೇಗ ಗಂಟೆಗೆ 98 ಮೈಲಿ ಎಂದು ಕಿವಿಗೆ ಬಿದ್ದರೆ ಸಾಕು, ವಿವೇಕ ಓಡಿಹೋಗುತ್ತದೆ.

ಮೊದಲ ಹೆಜ್ಜೆ: ಬ್ಯಾಟರ್‌ಗಳಿಗೊಂದು, ಪಿಚರ್‌ಗಳಿಗೊಂದು ಪ್ರತ್ಯೇಕ ಪಟ್ಟಿ ಬರೆಯಿರಿ.

ಎರಡನೆಯದು ಅಂಕ. ಸ್ಕೌಟ್‌ಗಳ (ತಂಡಗಳಿಗಾಗಿ ಆಟಗಾರರನ್ನು ಹುಡುಕಿ ಅಳೆಯುವವರ) ಅಳತೆ 20ರಿಂದ 80. ಮೇಜರ್ ಲೀಗ್‌ನ ಸರಾಸರಿ ಮಟ್ಟಕ್ಕೆ 50. ಬ್ಯಾಟರ್‌ಗೆ ಅಂಕ ಕೊಡುವ ಮುನ್ನ ಅವನ ಕೈಯಲ್ಲಿದ್ದ ಬ್ಯಾಟ್ ಯಾವುದೆಂದು ನೋಡಿ. ಕಾಲೇಜಿನಲ್ಲಿ ಲೋಹದ್ದು, ವೃತ್ತಿಪರ ಆಟದಲ್ಲಿ ಮರದ್ದು. ಮ್ಯಾಸಚೂಸೆಟ್ಸ್‌ನ ಕೇಪ್ ಕಾಡ್ ಬೇಸಿಗೆ ಲೀಗ್‌ನಲ್ಲಿ ಮರದ ಬ್ಯಾಟನ್ನೇ ಬಳಸುತ್ತಾರೆ. ಅಲ್ಲಿ ಗಳಿಸಿದ್ದಕ್ಕೆ ಹೆಚ್ಚು ಬೆಲೆ ಕೊಡಿ. ಪ್ರಚಾರದ ವಿಡಿಯೊ ನೋಡಿ ಅಂಕ ಹಾಕಬೇಡಿ, ಅದರಲ್ಲಿ ಯಾರೂ ಸ್ಟ್ರೈಕ್‌ಔಟ್ (ಮೂರು ಅವಕಾಶ ತಪ್ಪಿಸಿಕೊಂಡು ಔಟ್) ಆಗುವುದಿಲ್ಲ. ಮೊಬೈಲಿನಲ್ಲೇ ಚೆಂಡಿನ ವೇಗ ಅಳೆದುಕೊಡುತ್ತೇವೆ ಎನ್ನುವ ಅಗ್ಗದ ಆ್ಯಪ್‌ಗಳಂತೂ ಬೇಡವೇ ಬೇಡ.

ಮೂರನೆಯದು ಎರಡೂ ಪಟ್ಟಿಗಳನ್ನು ಒಂದಾಗಿಸುವುದು. ಎಲ್ಲರೂ ಎಡವುವುದು ಇಲ್ಲಿಯೇ.

ಇಬ್ಬರಿಗೂ 60 ಅಂಕವಿದ್ದರೆ ಇಬ್ಬರೂ ಸಮ ಎಂದುಕೊಳ್ಳಬೇಡಿ. ಪಿಚರ್‌ನ ಮೊಣಕೈಯ ಲಿಗಮೆಂಟ್ ಹರಿದರೆ ಅದನ್ನು ಹೊಸದಾಗಿ ಕಟ್ಟುವ ಟಾಮಿ ಜಾನ್ ಶಸ್ತ್ರಚಿಕಿತ್ಸೆಯೇ ಗತಿ. ಮತ್ತೆ ಕಣಕ್ಕಿಳಿಯಲು ಸಾಮಾನ್ಯವಾಗಿ ವರ್ಷದ ಮೇಲಾಗುತ್ತದೆ. 2009ರಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ಪಿಚರ್ ಸ್ಟೀಫನ್ ಸ್ಟ್ರಾಸ್‌ಬರ್ಗ್ ಮರುವರ್ಷವೇ ಆ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಬೇಕಾಯಿತು. ಅದೇ ಡ್ರಾಫ್ಟ್‌ನಲ್ಲಿ 25ನೆಯವರಾಗಿ ಹೋದ ಬ್ಯಾಟರ್ ಮೈಕ್ ಟ್ರೌಟ್ ಮುಂದೆ ಮೂರು ಬಾರಿ ಅಮೆರಿಕನ್ ಲೀಗ್‌ನ ಅತ್ಯಮೂಲ್ಯ ಆಟಗಾರರಾದರು.

ಆದ್ದರಿಂದ ಕಾಲೇಜು ಪಿಚರ್‌ನ ಲೆಕ್ಕದಿಂದ 5 ಅಂಕ, ಹೈಸ್ಕೂಲು ಪಿಚರ್‌ನ ಲೆಕ್ಕದಿಂದ 10 ಅಂಕ ಕಳೆಯಿರಿ. ಇದು ನನ್ನ ಸೂತ್ರ, ಚೌಕಾಸಿಗೆ ಅವಕಾಶವಿಲ್ಲ. ಹತ್ತು ಹೆಚ್ಚಾಯಿತು ಎನ್ನುವವರು ಇತಿಹಾಸ ನೋಡಲಿ: 2025ರವರೆಗೂ ಬಲಗೈ ಹೈಸ್ಕೂಲು ಪಿಚರ್ ಒಬ್ಬನೂ ಮೊದಲ ಆಯ್ಕೆಯಾಗಿಲ್ಲ. ಎಡಗೈನವರು ಮೂವರು. 1973ರ ಡೇವಿಡ್ ಕ್ಲೈಡ್ ಅವರನ್ನು 18ರ ವಯಸ್ಸಿಗೇ ನೇರವಾಗಿ ಮೇಜರ್ ಲೀಗ್‌ಗೆ ಇಳಿಸಿದರು. ಅವರ ಒಟ್ಟು ಗೆಲುವು 18ಕ್ಕೇ ನಿಂತಿತು. 1991ರ ಬ್ರಿಯೆನ್ ಟೇಲರ್ ಜಗಳವೊಂದರಲ್ಲಿ ಭುಜ ಕೆಡಿಸಿಕೊಂಡು ಮೇಜರ್ ಲೀಗ್ ಮುಟ್ಟಲೇ ಇಲ್ಲ. 2014ರ ಬ್ರೇಡಿ ಏಕನ್ ವೈದ್ಯಕೀಯ ತಪಾಸಣೆಯ ನಂತರ ಎದ್ದ ತಕರಾರಿನಿಂದಾಗಿ ಹ್ಯೂಸ್ಟನ್ ತಂಡದೊಂದಿಗೆ ಸಹಿಯನ್ನೇ ಹಾಕಲಿಲ್ಲ. ಹದಿನೆಂಟರ ತೋಳು ನಂಬಿ ಪಟ್ಟಿ ಮಾಡುವುದು ಮಾವಿನ ಹೂ ನೋಡಿ ಹಣ್ಣಿನ ಮುಂಗಡ ಪಡೆದ ಹಾಗೆ.

ಕಳೆದ ಮೇಲೂ ಅಂಕ ಸಮವಾದರೆ ಬ್ಯಾಟರ್ ಮೇಲಿರಲಿ, ಅದರಲ್ಲೂ ಫೀಲ್ಡಿಂಗ್‌ನ ಕಠಿಣ ಜಾಗಗಳಾದ ಶಾರ್ಟ್‌ಸ್ಟಾಪ್ ಅಥವಾ ಸೆಂಟರ್‌ಫೀಲ್ಡ್‌ನವನು. ಬ್ಯಾಟ್ ಸ್ವಲ್ಪ ಕೈಕೊಟ್ಟರೂ ಅವನಿಗೆ ಬೇರೆ ಜಾಗವಿದೆ. ಸುಲಭದ ಜಾಗವಾದ ಫಸ್ಟ್‌ಬೇಸ್ ಬಿಟ್ಟರೆ ಬೇರೆಲ್ಲೂ ನಿಲ್ಲಲಾರದವನಿಗೆ ಈ ರಿಯಾಯಿತಿ ಬೇಡ.

ಕಳೆಯುತ್ತಾ ಕಳೆಯುತ್ತಾ ಪಿಚರ್‌ಗಳನ್ನೇ ಅಳಿಸಿಹಾಕುವವರೂ ಇದ್ದಾರೆ, ಅದೂ ತಪ್ಪು. 2023ರಲ್ಲಿ ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯದ ಇಬ್ಬರೇ ಮೊದಲೆರಡು ಆಯ್ಕೆಗಳಾದರು: ಪಿಚರ್ ಪಾಲ್ ಸ್ಕೀನ್ಸ್, ಬ್ಯಾಟರ್ ಡಿಲನ್ ಕ್ರೂಸ್. ಆ ಋತುವಿನಲ್ಲಿ ಕ್ರೂಸ್ ಅವರ ಬ್ಯಾಟಿಂಗ್ ಸರಾಸರಿ .426 (ಸಾವಿರ ಸರದಿಗೆ 426 ಹಿಟ್‌ನ ಲೆಕ್ಕ). ಸ್ಕೀನ್ಸ್ ಅವರದು 209 ಸ್ಟ್ರೈಕ್‌ಔಟ್, ಬಿಟ್ಟುಕೊಟ್ಟ ವಾಕ್ (ನಾಲ್ಕು ತಪ್ಪು ಎಸೆತಕ್ಕೆ ಬ್ಯಾಟರ್‌ಗೆ ಸಿಗುವ ಬಿಟ್ಟಿ ಬೇಸ್) ಬರೀ 20. ಇಂಥವನಿಂದ ಐದು ಅಂಕ ಕಿತ್ತುಕೊಂಡರೂ ಮೇಲೆಯೇ ಉಳಿಯುತ್ತಾನೆ.

‘ನಮ್ಮ ತಂಡಕ್ಕೆ ಪಿಚರ್‌ಗಳೇ ಇಲ್ಲವಲ್ಲ’ ಎಂಬ ಅಳಲಿಗೆ ಕಿವಿಗೊಡಬೇಡಿ. ಇಂದು ಆರಿಸಿದ ಹುಡುಗ ಮೇಲೆ ಬರುವಷ್ಟರಲ್ಲಿ ತಂಡವೇ ಬದಲಾಗಿರುತ್ತದೆ. 2021ರಲ್ಲಿ ಏಂಜಲ್ಸ್ ತಂಡ 20ಕ್ಕೆ 20 ಪಿಚರ್‌ಗಳನ್ನೇ ಆರಿಸಿತು. ನನಗದು ಬರೀ ಹಠವಾಗಿ ಕಾಣುತ್ತದೆ. ಶಿಕಾಗೊ ಕಬ್ಸ್ 2013ರಲ್ಲಿ ಎರಡನೆಯ ಆಯ್ಕೆಯಾಗಿ ಬ್ಯಾಟರ್ ಕ್ರಿಸ್ ಬ್ರಯಂಟ್ ಅವರನ್ನು ತೆಗೆದುಕೊಂಡು, ಪಿಚರ್ ಜಾನ್ ಲೆಸ್ಟರ್ ಅವರನ್ನು ಮರುವರ್ಷ ಹಣ ಕೊಟ್ಟು ತಂದಿತು. 2016ರಲ್ಲಿ ಲೀಗ್‌ನ ಅಂತಿಮ ಪ್ರಶಸ್ತಿಯಾದ ವಿಶ್ವ ಸರಣಿ (ವರ್ಲ್ಡ್ ಸೀರೀಸ್) ಅವರದೇ.

ನಾಲ್ಕನೆಯದು ಕೆಳಗಿನ ಸುತ್ತುಗಳು. ಐದನೆಯದರ ನಂತರ ಸೂತ್ರ ಪಕ್ಕಕ್ಕಿಟ್ಟು ಪಿಚರ್‌ಗಳನ್ನು ಧಾರಾಳವಾಗಿ ಸೇರಿಸಿ. ಒಳ್ಳೆಯ ಬ್ಯಾಟರ್‌ಗಳು ಅಷ್ಟರಲ್ಲಿ ಮುಗಿದಿರುತ್ತಾರೆ. ಕಾಲೇಜಿನಲ್ಲಿ ಹೆಚ್ಚಾಗಿ ಶಾರ್ಟ್‌ಸ್ಟಾಪ್ ಆಗಿದ್ದ ಜೇಕಬ್ ಡಿಗ್ರಾಮ್ 2010ರ ಒಂಬತ್ತನೆಯ ಸುತ್ತಿನಲ್ಲಿ ಪಿಚರ್ ಆಗಿ ಸಿಕ್ಕರು. ಹಾಗಾಗಿ ಬ್ಯಾಟಿಂಗ್ ಬಾರದಿದ್ದರೂ ಬಲವಾಗಿ ಎಸೆಯುವ ಇನ್‌ಫೀಲ್ಡರ್‌ಗಳ (ಬೇಸ್‌ಗಳ ಸುತ್ತ ನಿಲ್ಲುವ ಫೀಲ್ಡರ್‌ಗಳ) ಹೆಸರನ್ನೂ ಇಲ್ಲಿ ಗುರುತು ಹಾಕಿಕೊಳ್ಳಿ.