ಪೆಡಲ್ ಸ್ಟೀಲ್‌ನ ಹಳೆಯ ಪಿಕಪ್: ಬಿಚ್ಚುವ ಮುನ್ನ ಅಳೆಯಿರಿ

ಪೆಡಲ್ ಸ್ಟೀಲ್ ಗಿಟಾರಿನ (ಮಲಗಿಸಿಟ್ಟು, ಪೆಡಲ್ ಒತ್ತಿ ತಂತಿಗಳ ಶ್ರುತಿ ಬದಲಿಸುತ್ತ ನುಡಿಸುವ ಗಿಟಾರ್) ದನಿ ಕುಗ್ಗಿದರೆ ಎಲ್ಲರೂ ಮೊದಲು ದೂರುವುದು ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ಪನ್ನು. ಹೊಸದನ್ನು ತರಿಸಿ, ಹಳೆಯದನ್ನು ಕಿತ್ತ ಮೇಲೆ ನೋಡಿದರೆ ತೊಂದರೆ ಇದ್ದದ್ದು ಸಡಿಲವಾದ ಜ್ಯಾಕಿನಲ್ಲೋ, ವಾಲ್ಯೂಮ್ ಪೆಡಲಿನಲ್ಲಿ ದನಿ ಏರಿಳಿಸುವ, ಸವೆದ ಪಾಟ್‌ನಲ್ಲೋ. ಬೆಂಗಳೂರಿನ ಅಂಗಡಿಗಳಲ್ಲಿ ಈ ಪಿಕಪ್ ಸಿಗುವುದು ಅಪರೂಪ, ಹೊರದೇಶದಿಂದಲೇ ತರಿಸಬೇಕಾಗುತ್ತದೆ. ಹಾಗಾಗಿ ಸ್ಕ್ರೂಡ್ರೈವರ್‌ಗಿಂತ ಮೊದಲು ಮಲ್ಟಿಮೀಟರ್ ಹಿಡಿಯಿರಿ.

ವಾಲ್ಯೂಮ್ ಪೆಡಲನ್ನು ಪಕ್ಕಕ್ಕಿಟ್ಟು ಗಿಟಾರಿಗೆ ನೇರವಾಗಿ ಕೇಬಲ್ ಚುಚ್ಚಿ. ಕೇಬಲ್‌ನ ಇನ್ನೊಂದು ತುದಿಯ ಪ್ಲಗ್ಗಿನ ಮೊನೆಗೆ ಒಂದು ಪ್ರೋಬ್, ಹಿಂದಿನ ಉದ್ದ ಭಾಗಕ್ಕೆ ಇನ್ನೊಂದು. ಮೀಟರನ್ನು 200 ಕಿಲೋಓಮ್‌ಗೆ ತಿರುಗಿಸಿ. ಪೆಡಲ್ ಸ್ಟೀಲ್‌ನ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ ಪಿಕಪ್) ಸಾಮಾನ್ಯವಾಗಿ 15ರಿಂದ 20 ಕಿಲೋಓಮ್ ತೋರಿಸುತ್ತದೆ. ಮಾಮೂಲಿ ಎಲೆಕ್ಟ್ರಿಕ್ ಗಿಟಾರಿನ ಸಿಂಗಲ್ ಕಾಯಿಲ್ 6ರ ಆಸುಪಾಸಿನಲ್ಲಿರುತ್ತದೆ. ಅದನ್ನೇ ನೋಡಿ ರೂಢಿಯಾದ ರಿಪೇರಿಯವರು 17 ಕಂಡು ‘ಕೆಟ್ಟಿದೆ’ ಎಂದರೆ ನಂಬಬೇಡಿ. ತಾಮ್ರದ ರೋಧ 10 ಡಿಗ್ರಿ ಬಿಸಿಗೆ ಸುಮಾರು ಶೇ 4ರಷ್ಟು ಏರುತ್ತದೆ. ಜನವರಿಯ ಬೆಳಗಿನ ಅಂಕಿಗೂ ಏಪ್ರಿಲ್ ಮಧ್ಯಾಹ್ನದ ಅಂಕಿಗೂ ವ್ಯತ್ಯಾಸ ಬಂದರೆ ಗಾಬರಿ ಬೇಡ. ಮೀಟರ್ ಅಳತೆಯ ಬದಲು ‘OL’ ಅಥವಾ ಬರೀ ‘1’ ತೋರಿಸಿದರೆ ಮಾತ್ರ ವೈರ್ ಎಲ್ಲೋ ತುಂಡಾಗಿದೆ. ಬಹಳ ಸಲ ಅದು ಕಾಯಿಲ್‌ನ ಕೂದಲೆಳೆಯ ವೈರ್ ಹೊರವೈರಿಗೆ ಸೇರುವ ಬೆಸುಗೆಯ ಜಾಗ. ಭೂತಗನ್ನಡಿ ಹಿಡಿದು ಅಲ್ಲಿ ನೋಡಿ. ಮರುಬೆಸುಗೆಯಿಂದಲೇ ಪಿಕಪ್ ಉಳಿಯಬಹುದು. ಕಾಯಿಲ್ ಒಳಗೇ ಹೋಗಿದ್ದರೆ ಮೋಟಾರ್ ವೈಂಡಿಂಗ್ ಅಂಗಡಿಗೆ ಕೊಡಬೇಡಿ. ಸುಮಾರು 0.06 ಮಿ.ಮೀ. ದಪ್ಪದ ವೈರ್ ಅವರ ಯಂತ್ರದ ಎಳೆತಕ್ಕೆ ತಾಳುವುದಿಲ್ಲ.

ಬದಲಿಸಲೇಬೇಕೆಂದರೆ ನಾಲ್ಕು ಅಳತೆ ಬರೆದುಕೊಳ್ಳಿ: ಪಿಕಪ್ ಇರುವ ಜಾಗದಲ್ಲೇ ಮೊದಲ ತಂತಿಯಿಂದ ಕೊನೆಯ ತಂತಿಯವರೆಗಿನ ಅಂತರ, ಸ್ಕ್ರೂಗಳ ನಡುವಿನ ಅಂತರ, ಪಿಕಪ್ ಕೂರುವ ಗುಂಡಿಯ ಅಗಲ, ಆಳ. ‘ಪೆಡಲ್ ಸ್ಟೀಲ್ ಪಿಕಪ್’ ಎಂದಷ್ಟೇ ಹೇಳಿ ತರಿಸಿದರೆ ಕೂರುವುದಿಲ್ಲ. ಈಗಿನವಕ್ಕೆ 10 ತಂತಿ ರೂಢಿ, 12 ಇರುವವೂ ಉಂಟು, ಹಳೆಯ ಫೆಂಡರ್ 1000ರ ಒಂದೊಂದು ನೆಕ್‌ಗೆ (ತಂತಿಗಳ ಸಾಲಿಗೆ) 8 ಮಾತ್ರ. ಎರಡು ಕಾಯಿಲ್‌ಗಳ ಪಿಕಪ್ಪಾದ ಹಂಬಕ್ಕರ್‌ನಲ್ಲಿ ಗುಂಯ್‌ಗುಡುವುದು ಕಡಿಮೆ, ನಿಜ. ಆದರೂ ಹಳೆಯ ವಾದ್ಯಕ್ಕೆ ಸಿಂಗಲ್ ಕಾಯಿಲ್ಲೇ ಹಾಕಿ. ಆ ಹೊಳಪು ಇನ್ನೊಂದರಿಂದ ಬರುವುದಿಲ್ಲ.

ತಂತಿಗಳನ್ನು ಪಕ್ಕಕ್ಕೆ ಸರಿಸುವಷ್ಟು ಸಡಿಲಿಸಿ, ಸ್ಕ್ರೂ ಬಿಚ್ಚಿ, ವೈರಿಂಗ್‌ನ ಫೋಟೊ ತೆಗೆದು ಹಳೆಯದನ್ನು ಬಿಡಿಸಿ. ಗಿಟಾರಿನ ತುದಿಯಲ್ಲಿರುವ ನೈಲಾನ್ ನಟ್‌ಗಳನ್ನು ಮಾತ್ರ ಮುಟ್ಟಬೇಡಿ, ಪೆಡಲಿನ ಶ್ರುತಿ ಇರುವುದು ಅವುಗಳಲ್ಲೇ.

ಹೆಚ್ಚಿನವರು ಎಡವುವುದು ನಾಲ್ಕು ವೈರಿನ ಹಂಬಕ್ಕರ್ ಜೋಡಿಸುವಲ್ಲಿ. ವೈರುಗಳ ಬಣ್ಣ ಕಂಪನಿಯಿಂದ ಕಂಪನಿಗೆ ಬೇರೆ, ಇಂಟರ್‌ನೆಟ್ಟಿನ ಚಿತ್ರ ನಂಬಬೇಡಿ. ಮೀಟರಿಟ್ಟು ಯಾವ ಎರಡು ವೈರುಗಳ ನಡುವೆ ಅಂಕಿ ಬರುತ್ತದೆ ನೋಡಿ. ಅದು ಒಂದು ಕಾಯಿಲ್. ಉಳಿದೆರಡು ಇನ್ನೊಂದು. ಈಗ ಮೊದಲ ಕಾಯಿಲ್‌ಗೆ ಮೀಟರ್ ಸಿಕ್ಕಿಸಿ, ಕಬ್ಬಿಣದ ಸ್ಕ್ರೂಡ್ರೈವರನ್ನು ಎರಡೂ ಕಾಯಿಲ್‌ಗಳ ಮೇಲೆ ಅಡ್ಡಲಾಗಿಟ್ಟು ಥಟ್ಟನೆ ಮೇಲಕ್ಕೆತ್ತಿ. ಅಂಕಿ ಕ್ಷಣಮಾತ್ರ ಏರುತ್ತದೆ ಅಥವಾ ಇಳಿಯುತ್ತದೆ. ಮುಳ್ಳಿನ ಮೀಟರಿನಲ್ಲಿ ಇದು ಇನ್ನೂ ಸ್ಪಷ್ಟ. ಎರಡನೇ ಕಾಯಿಲ್‌ನಲ್ಲೂ ಅದೇ ದಿಕ್ಕಿಗೆ ಹೋಗುವಂತೆ ಪ್ರೋಬ್ ಅದಲುಬದಲು ಮಾಡಿ, ಕೆಂಪು ಪ್ರೋಬ್ ತಾಗಿದ್ದ ವೈರುಗಳಿಗೆ ಗುರುತು ಹಾಕಿ. ಮೊದಲ ಕಾಯಿಲ್‌ನ ಗುರುತಿನ ವೈರ್ ಜ್ಯಾಕಿನ ಮೊನೆಗೆ, ಅದರ ಇನ್ನೊಂದು ವೈರ್, ಎರಡನೆಯದರ ಗುರುತಿನ ವೈರ್ ಒಟ್ಟಿಗೆ, ಉಳಿದದ್ದು ಗ್ರೌಂಡ್‌ಗೆ. ಇದು ತಿರುವುಮುರುವಾದರೆ ದನಿ ತೆಳುವಾಗಿ ಮಂದ್ರವೇ ಮಾಯವಾಗುತ್ತದೆ, ಗುಂಯ್ ಮಾತ್ರ ಜೋರಾಗುತ್ತದೆ.

ಬೆಸುಗೆಗೆ 25 ವಾಟ್ ಐರನ್, 60/40 ರೋಸಿನ್ ಸೋಲ್ಡರ್ ಸಾಕು, ಎರಡೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಆಸಿಡ್ ಇರುವ ಪೇಸ್ಟ್ ಬೇಡವೇ ಬೇಡ, ಕಾಲಕ್ರಮೇಣ ಅದು ಸಣ್ಣ ವೈರನ್ನು ತಿಂದುಹಾಕುತ್ತದೆ. ಐರನ್ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಊರಬೇಡಿ. ಪೆಡಲ್ ಒತ್ತಿದಾಗ ತಂತಿಯ ಬಿಗಿ ಬದಲಿಸುವ ಚೇಂಜರ್‌ನಿಂದ ಜ್ಯಾಕಿಗೆ ಬರುವ ಗ್ರೌಂಡ್ ವೈರ್ ಮರೆಯದೆ ಕೂಡಿಸಿ.

ಪಿಕಪ್ ಮೇಲ್ಮೈಗೂ ತಂತಿಗೂ 3 ಮಿ.ಮೀ. ಬಿಟ್ಟು ಶುರು ಮಾಡಿ. ತೀರಾ ಹತ್ತಿರ ತಂದರೆ ಅಯಸ್ಕಾಂತ ತಂತಿಯನ್ನು ಎಳೆದು ನಾದದ ಉದ್ದವನ್ನೇ ಕತ್ತರಿಸುತ್ತದೆ. ಹಾಗಾದರೆ ಅರ್ಧ ಮಿ.ಮೀ. ಇಳಿಸಿ ಮತ್ತೆ ಕೇಳಿ. ಮೊದಲು ಕೀಲಿಗಳಿಂದ ಬಿಡಿ ತಂತಿಗಳ ಶ್ರುತಿ, ಆಮೇಲೆ ಪೆಡಲ್. ಪೆಡಲ್ ಸ್ಟೀಲ್‌ನಲ್ಲಿ ರೂಢಿಯಲ್ಲಿರುವ ಇ9 ಶ್ರುತಿಯ ಮೂರನೇ ತಂತಿ ಬಿಗಿಯುವಾಗ ತುಂಡಾಗುವುದು ಹೆಚ್ಚು, ಒಂದು ಹೆಚ್ಚುವರಿ ಇಟ್ಟುಕೊಂಡೇ ಕೂರಿ.