ಅಗಸಿ ಅಂಟಿನಲ್ಲಿ ಹಕ್ಕಿ ಉಂಡಿ: ನನ್ನ ಅನುಭವ

"ಹಕ್ಕಿಗೆ ನಾಕು ಕಾಳು ಉಗ್ಗಿದ್ರ ಸಾಕಲ್ರೀ, ಉಂಡಿ ಕಟ್ಟೂದ್ಯಾಕ?" ಪಕ್ಕದ ಮನೆ ಕಾಕಾ ಕೇಳಿದ್ದು ಇದನ್ನೇ. ಉತ್ತರ ಒಂದೇ: ಪಾರಿವಾಳ. ನಮ್ಮ ವಿಜಯಪುರದಲ್ಲಿ ಮಾಳಿಗೆ ಮೇಲೆ ಸಜ್ಜೆ ಚೆಲ್ಲಿ ನೋಡಿ. ಹಿಂಡು ಬಂದು ಗುಡಿಸಿಕೊಂಡು ಹೋಗುತ್ತದೆ. ಗುಬ್ಬಿ, ರಾಟವಾಳದಂಥ ಸಣ್ಣ ಹಕ್ಕಿಗಳು ತಂತಿ ಮೇಲೆ ಸುಮ್ನೆ ಕೂತಿರುತ್ತವೆ. ಕಾಳು ಅಂಟಿಸಿ ಕಟ್ಟಿ ತೂಗುಬಿಟ್ಟ ಉಂಡಿಗಾದರೆ ಗುಬ್ಬಿ ಜೋತುಬೀಳುತ್ತದೆ, ಪಾರಿವಾಳಕ್ಕೆ ಆಗುವುದಿಲ್ಲ.

ಆದರೆ ಕಾಳನ್ನು ಹಿಡಿದಿಡುವುದು ಏನು? ಅಲ್ಲೇ ನನ್ನ ಎರಡು ಚಳಿಗಾಲ ಹೋಯಿತು.

ಹಿಮ ಬೀಳುವ ದೇಶಗಳಲ್ಲಿ ಪ್ರಾಣಿಗಳ ಕೊಬ್ಬು ಕರಗಿಸಿ ಕಾಳು ಕಲಸುತ್ತಾರೆ. ಅದೇ ಲೆಕ್ಕದಲ್ಲಿ ನಾನು ಡಾಲ್ಡಾ ಹಾಕಿದೆ. ರಾತ್ರಿ ಚಳಿಗೆ ಕಲ್ಲಿನಂತೆ ಗಟ್ಟಿಯಾಯಿತು. ಮಧ್ಯಾಹ್ನ 30 ಡಿಗ್ರಿ ಹತ್ತಿರದ ಬಿಸಿಲಿಗೆ ಕರಗಿ, ಒಣಹಾಕಿದ್ದ ಧೋತರದ ಮೇಲೆ ಸುರಿಯಿತು. ಆ ಜಿಡ್ಡು ಗರಿಗೆ ಹತ್ತಿದರೆ ಹಕ್ಕಿಗೂ ತೊಂದರೆ. ಆಮೇಲೆ ಬೆಲ್ಲದ ಪಾಕ. ಹಕ್ಕಿಗಿಂತ ಮೊದಲು ಇರುವೆ ಬಂದವು. ಬರೀ ಜೋಳದ ಹಿಟ್ಟಿನ ಮುದ್ದೆ ಮಾಡಿದರೆ ಒಣಗಿ ಬಿರುಕು ಬಿಟ್ಟು ಉದುರಿತು. ಡಾಲ್ಡಾ, ಶೇಂಗಾ, ಬೆಲ್ಲ ಎಲ್ಲ ಸೇರಿ ಏಳೆಂಟು ನೂರು ರೂಪಾಯಿ ಹಾಳಾಗಿರಬೇಕು. ಮನೆಯಲ್ಲಿ ಆ ಲೆಕ್ಕ ಇನ್ನೂ ಆಗಾಗ ಬರುತ್ತದೆ.

ಕೊನೆಗೆ ಕೈಹಿಡಿದದ್ದು ಅಗಸಿ. ಚಟ್ನಿಪುಡಿಗೆ ಹುರಿಯುತ್ತೇವಲ್ಲ, ಅದೇ. ಹುರಿಯಬೇಡಿ, ಕುದಿಸಿ. ಒಂದು ವಾಟಿಗೆ ಐದಾರು ವಾಟಿ ನೀರು. ಚಮಚ ಎತ್ತಿದರೆ ಎಳೆ ಎಳೆಯಾಗಿ ಲೋಳೆ ಇಳಿಯಬೇಕು. ಸೋಸುವ ಗೋಜು ಬೇಡ, ಅಗಸಿ ಕಾಳನ್ನೂ ತಿನ್ನುತ್ತವೆ. ಬೆಚ್ಚಗಿರುವಾಗಲೇ ಎರಡು ಪಾಲು ಸಜ್ಜೆ, ಒಂದು ಪಾಲು ನವಣೆ, ಒಂದು ಪಾಲು ಜೋಳದ ನುಚ್ಚು, ಒಂದು ಮುಷ್ಟಿ ಸಜ್ಜೆ ಹಿಟ್ಟು ಹಾಕಿ ಕಲಸಿ. ಲೋಳೆ ಕಾಳಿಗೆ ಸವರಿದಷ್ಟೇ ಇರಲಿ, ಜಾಸ್ತಿಯಾದರೆ ಒಳಗೆ ಬೂಸ್ಟು ಹಿಡಿಯುತ್ತದೆ. ನಡುವೆ ಸುತಳಿ ಇಟ್ಟು ವಾಟಿಯಲ್ಲಿ ಒತ್ತಿ, ಬೋರಲು ಹಾಕಿ, ಸಂಡಿಗೆಯಂತೆ ಒಣಗಿಸಿ. ಮೂರ್ನಾಲ್ಕು ದಿನ ಬೇಕು. ಮೋಡ ಇದ್ದರೆ ಆ ವಾರ ಕೈ ಹಾಕಲೇಬೇಡಿ.

ಒಣಗಿದ ಮೇಲೆ ಕಾಕಾನ ಮುಂದೆಯೇ ಒಂದನ್ನು ನೆಲಕ್ಕೆ ಬಿಟ್ಟೆ. ಒಡೆಯಲಿಲ್ಲ. ಅವರು ಎತ್ತಿ ಮೂಸಿ ನೋಡಿ, ಏನೂ ಅನ್ನದೆ ಕೆಳಗಿಟ್ಟರು. ಒಂದು ಉಂಡಿ ನಮ್ಮ ಗುಬ್ಬಿಗಳಿಗೆ ವಾರದ ಮೇಲೆ ಬರುತ್ತದೆ. ಖರ್ಚು ಏಳೆಂಟು ರೂಪಾಯಿ. ನಾನು ಅಡತಿ ಅಂಗಡಿಯಲ್ಲಿ ಗುಡಿಸಿದ ಕಾಳನ್ನು ಅರ್ಧ ರೇಟಿಗೆ ತಂದು ಕೇರಿಕೊಳ್ಳುತ್ತೇನೆ, ಅದಕ್ಕೇ ಇಷ್ಟು ಅಗ್ಗ. ಯಾವ ಅಂಗಡಿ ಅಂತ ಹೇಳುವುದಿಲ್ಲ, ರೇಟು ಏರಿಬಿಡುತ್ತದೆ. ಇರುವೆಗೆ ಸುತಳಿಯಲ್ಲಿ ಮಾಡುವ ಉಪಾಯವೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಮನೆಗೆ ಬಂದವರಿಗೆ ತೋರಿಸುತ್ತೇನೆ.

ಒಂದು ಸಲ ಕುಸುಬಿ ಬೆರೆಸಿದೆ. ಗಿಳಿಗಳು ಬಂದು ಅರ್ಧ ದಿನದಲ್ಲಿ ಉಂಡಿಯನ್ನೇ ಚಿಂದಿ ಮಾಡಿದವು. ನೋಡಲು ಚಂದ, ಜೇಬಿಗೆ ಭಾರ. ಗಾಣದ ಶೇಂಗಾ ಹಿಂಡಿಯನ್ನೂ ತಂದಿದ್ದೆ, ಮುಗ್ಗು ವಾಸನೆ ಬಂತು, ಚೆಲ್ಲಿದೆ. ಬೂಸ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ವಿಷ ಇರಬಹುದು, ಹಕ್ಕಿ ಸಾಯಲೂಬಹುದು. ಪಿಕಳಾರ ಮಾತ್ರ ಉಂಡಿಗೆ ಮೂಗು ಮುರಿಯುತ್ತದೆ. ಅದಕ್ಕೆ ಪಪ್ಪಾಯಿ ಹೋಳು ಬೇರೆ ಇಡುತ್ತೇನೆ. ದೂರದ ಮಧ್ಯ ಏಷ್ಯಾದಿಂದ ಚಳಿಗಾಲಕ್ಕೆ ಬರುವ ಗುಲಾಬಿ ಕಬ್ಬಕ್ಕಿಗಳಿಗೂ ಆಸೆಯಿಂದ ಕಟ್ಟಿದ್ದೆ. ಹೊಲದಲ್ಲಿ ಸೀತನಿ ಹದದ, ಅಂದರೆ ಹಾಲುಗಾಳಿನ ಬಿಳಿಜೋಳ ಇರುವಾಗ ಅವು ನಮ್ಮ ಮಾಳಿಗೆಗೆ ಯಾಕೆ ಬರುತ್ತವೆ? ರೈತರು ಕವಣೆ ಬೀಸಿ ಓಡಿಸುತ್ತಾರೆ, ನಾನು ಕರೆಯುತ್ತಿದ್ದೆ!

ಎಳ್ಳಮವಾಸ್ಯೆಗೆ ಹೊಲದಲ್ಲಿ ಚರಗ (ಭೂಮಿತಾಯಿಗೆ ಎಡೆ) ಚೆಲ್ಲಿ ಬಂದ ಮೇಲೆ ಉಳಿದ ಭಜಿ, ಚಿತ್ರಾನ್ನ ತಂದು ಹಕ್ಕಿಗೆ ಹಾಕು ಅನ್ನುವವರಿದ್ದಾರೆ. ಉಪ್ಪು, ಕರಿದ ಎಣ್ಣೆ ಬೇಡವೇ ಬೇಡ. ಉಪ್ಪಿಲ್ಲದ ಸಜ್ಜೆ ರೊಟ್ಟಿ ಇದ್ದರೆ ಪುಡಿ ಮಾಡಿ ಹಿಟ್ಟಿನ ಬದಲು ಬಳಸುತ್ತೇನೆ. ಅದರ ಮೇಲಿನ ಎಳ್ಳನ್ನು ಗುಬ್ಬಿಗಳು ಮೊದಲು ಆರಿಸುತ್ತವೆ.

ಶಿವರಾತ್ರಿ ದಾಟಿದರೆ ಕಟ್ಟುವುದು ಬಂದ್. ಆಮೇಲೆ ಅವಕ್ಕೆ ಬೇಕಾಗುವುದು ನೀರು. ಉಳಿದ ಉಂಡಿಯನ್ನು ಮುಂದಿನ ವರ್ಷಕ್ಕೆ ಇಡಬೇಡಿ, ನುಸಿ ಬೀಳುತ್ತದೆ. ಒಡೆದು ಕೋಳಿಗೆ ಹಾಕಿ.