ಒರೆಗೆ ಬಿರುಸು, ಬ್ಯಾಗಿಗೆ ಮೆದು: ಚರ್ಮ ಆರಿಸುವಾಗ ನಾನು ನೋಡುವುದು

ಕೊಡಗಿನ ಗೋಣಿಕೊಪ್ಪದ ಹತ್ತಿರ ಮನೆಯಲ್ಲೇ ಚರ್ಮದ ಕೆಲಸ ಮಾಡುತ್ತೇನೆ. ಗಿಡದ ರೆಂಬೆ ಸವರುವ ಕಪಾತು ಕತ್ತರಿಯ ಒರೆ, ಕತ್ತಿಯ ಒರೆ, ಬೆಲ್ಟು, ಕೋವಿಯ ಪಟ್ಟಿ, ನಾಯಿಯ ಕಾಲರ್, ಆಗೊಮ್ಮೆ ಈಗೊಮ್ಮೆ ಬ್ಯಾಗು. ಹೊಸದಾಗಿ ಕಲಿಯುತ್ತಿರುವವರು ಫೋನ್ ಮಾಡಿದರೆ ಮೊದಲು ಕೇಳುವುದು ಒಂದೇ: "ಅಕ್ಕ, ಎಷ್ಟು ಎಂಎಂ ತಗೊಳ್ಳಲಿ?" ದಪ್ಪ ಗೊತ್ತಾದರೆ ಎಲ್ಲಾ ಗೊತ್ತಾಯಿತು ಅಂದುಕೊಂಡಿರುತ್ತಾರೆ. ನೀವು ಮಾಡುವ ವಸ್ತು ಎಲ್ಲಿ ಬಾಗಬೇಕು, ಎಲ್ಲಿ ಬಾಗಬಾರದು, ಅದನ್ನು ಮೊದಲು ಹೇಳಿ ಅನ್ನುತ್ತೇನೆ ನಾನು.

ಯಾಕೆಂದರೆ ಎರಡೂ 2 ಎಂಎಂ ಇರುವ ಎರಡು ತುಂಡುಗಳಲ್ಲಿ ಒಂದು ಮೇಜಿನ ಅಂಚಿನಿಂದ ಹೊರಗೆ ಚಾಚಿದರೆ ನೆಟ್ಟಗೆ ನಿಲ್ಲುತ್ತದೆ. ಇನ್ನೊಂದು ಒದ್ದೆ ಬಟ್ಟೆಯ ಹಾಗೆ ಜೋತು ಬೀಳುತ್ತದೆ. ದಪ್ಪ ಒಂದೇ, ಹದ ಮಾಡಿದ ರೀತಿ ಬೇರೆ. ಆವರಿಕೆ ತೊಗಟೆ, ವಾಟಲ್ ತೊಗಟೆ, ಅಳಲೆಕಾಯಿ ಇಂಥವುಗಳ ಒಗರಿನಲ್ಲಿ ವಾರಗಟ್ಟಲೆ ಹದ ಮಾಡಿದ್ದು ವೆಜ್ ಟ್ಯಾನ್. ಒಗರು ನಾರುಗಳ ನಡುವೆ ತುಂಬಿಕೊಳ್ಳುವುದರಿಂದ ಚರ್ಮಕ್ಕೆ ಮೈ ಬರುತ್ತದೆ, ಬಿರುಸು ಬರುತ್ತದೆ. ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ್ದು ಕ್ರೋಮ್ ಟ್ಯಾನ್. ಕೆಲಸ ಒಂದೆರಡು ದಿನದಲ್ಲಿ ಮುಗಿಯುತ್ತದೆ, ಚರ್ಮ ಮೆದುವಾಗಿ, ಸ್ವಲ್ಪ ಸ್ಪ್ರಿಂಗಾಗಿ ಉಳಿಯುತ್ತದೆ. ಕೊನೆಗೆ ಎಷ್ಟು ಎಣ್ಣೆ ಕುಡಿಸಿದ್ದಾರೆ ಅನ್ನುವುದೂ ಇದೆ. ಎಣ್ಣೆ ಜಾಸ್ತಿಯಾದರೆ ವೆಜ್ ಟ್ಯಾನ್ ಕೂಡ ಮೆದುವಾಗುತ್ತದೆ.

ಅಂಗಡಿಯವರು ಏನೇ ಹೇಳಲಿ, ನಾನು ಮೊದಲು ಕತ್ತರಿಸಿದ ಅಂಚು ನೋಡುತ್ತೇನೆ. ಅಂಚಿನ ಒಳಗೆಲ್ಲ ಕಂದು ಬಣ್ಣ ಇದ್ದರೆ ಸಾಮಾನ್ಯವಾಗಿ ವೆಜ್ ಟ್ಯಾನ್. ನಡುವೆ ನೀಲಿ ಬೂದು ಎಳೆ ಕಂಡರೆ ಕ್ರೋಮ್. ಬಣ್ಣ ಹಾಕದ ತುಂಡಾದರೆ ಒಂದು ಹನಿ ನೀರು ಬಿಟ್ಟು ಉಗುರಿನಿಂದ ಗೀರುತ್ತೇನೆ. ವೆಜ್ ಟ್ಯಾನ್ ನೀರು ಹೀರಿ ಕಪ್ಪಗಾಗುತ್ತದೆ, ಗೀರು ಹಾಗೇ ನಿಲ್ಲುತ್ತದೆ. ಕ್ರೋಮ್ ಮೇಲೆ ಗೀರು ನಿಲ್ಲುವುದಿಲ್ಲ. "ಪಕ್ಕಾ ವೆಜ್ ಟ್ಯಾನ್ ಮೇಡಂ" ಅಂತ ಹೇಳಿ ಕಂದು ಬಣ್ಣ ಹೊಡೆದ ಕ್ರೋಮ್ ಕಳಿಸುವವರು ಇದ್ದಾರೆ, ಆದ್ದರಿಂದ ಈ ಒಂದು ನಿಮಿಷದ ಕೆಲಸ ಬಿಡಬೇಡಿ.

ಇನ್ನು ಕಪಾತು ಕತ್ತರಿಯ ಒರೆ. ನನಗೆ ಜಾಸ್ತಿ ಆರ್ಡರ್ ಬರುವುದು ಇದಕ್ಕೇ. ಕೊಯ್ಲು ಮುಗಿದು ಕಪಾತು ಶುರುವಾದರೆ ತೋಟದಲ್ಲಿ ಕತ್ತರಿ ದಿನವಿಡೀ ಸೊಂಟದಲ್ಲೇ. ಒಂದೇ ಕೈಯಲ್ಲಿ ಎಳೆಯಬೇಕು, ನೋಡದೆ ವಾಪಸ್ ಹಾಕಬೇಕು. ಒರೆಯ ಬಾಯಿ ಮುಚ್ಚಿಕೊಂಡರೆ ಕತ್ತರಿಯ ತುದಿ ಹೋಗಿ ತೊಡೆಗೆ ಚುಚ್ಚುತ್ತದೆ. ಹಾಗಾಗಿ ಇಲ್ಲಿ ಬಿರುಸು ಬೇಕೇ ಬೇಕು: 3ರಿಂದ 3.5 ಎಂಎಂ ವೆಜ್ ಟ್ಯಾನ್, ಬೆನ್ನಿನ ಹಿಂಭಾಗದ್ದು. ಆದರೆ ಬೆಲ್ಟಿಗೆ ಸಿಕ್ಕಿಸುವ ಪಟ್ಟಿಯೂ ಅಷ್ಟೇ ಗಡುಸಾದರೆ ಬಗ್ಗಿದಾಗ ಒರೆ ಬಗ್ಗುವುದಿಲ್ಲ. ಒಬ್ಬರು ಕೆಲಸದವರು ಬೇರೆ ಕಡೆ ಕೊಂಡ ಒರೆ ತಂದು ತೋರಿಸಿದರು. "ಅಕ್ಕ, ಕೂತ್ರೆ ಸೊಂಟಕ್ಕೆ ಒತ್ತುತ್ತದೆ, ನಿಂತ್ರೆ ಸರಿ ಇರ್ತದೆ." ಚರ್ಮ ಒಳ್ಳೆಯದೇ, ಆದರೆ ಪಟ್ಟಿ, ಒರೆ ಎಲ್ಲಾ ಒಂದೇ ದಪ್ಪ. ಪಟ್ಟಿ ಬಿಚ್ಚಿ, ಹಿಂದಿನಿಂದ ರಂಪಿಗೆಯಲ್ಲಿ ಹೆರೆದು ಸುಮಾರು 2 ಎಂಎಂಗೆ ಇಳಿಸಿ ಮತ್ತೆ ಹೊಲಿದೆ. ಅಷ್ಟೇ ಸಾಕಾಯಿತು.

ಸ್ವಲ್ಪ ಹೆರೆದರೆ ಅಷ್ಟು ವ್ಯತ್ಯಾಸ ಹೇಗೆ ಅಂದರೆ, ಬಿರುಸು ದಪ್ಪದ ಜೊತೆ ಸಮಸಮ ಏರುವುದಿಲ್ಲ. ಅದೇ ಚರ್ಮ ಎರಡರಷ್ಟು ದಪ್ಪವಾದರೆ ಬಗ್ಗಿಸಲು ಹತ್ತಿರ ಹತ್ತಿರ ಎಂಟರಷ್ಟು ಬಲ ಬೇಕು. ಇದು ಗೊತ್ತಿದ್ದರೆ ಅಂಟಿನ ಆಟವೂ ಅರ್ಥವಾಗುತ್ತದೆ. 1.5 ಎಂಎಂನ ಎರಡು ತುಂಡನ್ನು ಪೂರ್ತಿ ಅಂಟು ಹಚ್ಚಿ ಜೋಡಿಸಿದರೆ 3 ಎಂಎಂ ಚರ್ಮದ ಹಾಗೆ ನಿಲ್ಲುತ್ತದೆ. ಅಂಚಿಗೆ ಮಾತ್ರ ಹೊಲಿದು ನಡುವೆ ಹಾಗೇ ಬಿಟ್ಟರೆ ಎರಡೂ ಒಂದರ ಮೇಲೊಂದು ಜಾರಿಕೊಂಡು ಸಲೀಸಾಗಿ ಬಾಗುತ್ತವೆ. ನಾಯಿಯ ಕಾಲರ್‌ಗೆ ನಾನು ಪೂರ್ತಿ ಅಂಟಿಸುತ್ತೇನೆ, ಆದರೆ ಕೊಳವೆಯ ಸುತ್ತ ಬಾಗಿಸಿಕೊಂಡೇ ಅಂಟಿಸುತ್ತೇನೆ. ಒಣಗಿದ ಮೇಲೆ ದುಂಡಗೇ ಉಳಿಯುತ್ತದೆ.

ಒಂದೇ ಚರ್ಮದಲ್ಲಿ ಜಾಗ ಬದಲಾದರೆ ಗುಣವೂ ಬದಲಾಗುತ್ತದೆ. ಬೆನ್ನಿನ ಹಿಂಭಾಗದಲ್ಲಿ ನಾರು ಒತ್ತೊತ್ತಾಗಿದ್ದು ಹೆಚ್ಚು ಬಿರುಸು. ಭುಜದ ಕಡೆ ಸ್ವಲ್ಪ ಮೆದು, ಮಡಿಕೆ ಗೆರೆ ಇರುತ್ತವೆ. ಹೊಟ್ಟೆಯ ಭಾಗ ಸಡಿಲ, ಎಳೆದರೆ ಎಳೆದಷ್ಟು ಬರುತ್ತದೆ. ಅಗ್ಗಕ್ಕೆ ಸಿಗುತ್ತದೆ ಅಂತ ಹೊಟ್ಟೆಯ ಭಾಗದಲ್ಲಿ ಬೆಲ್ಟು ಮಾಡಿದರೆ ಮಳೆಗಾಲ ಕಳೆಯುವುದರೊಳಗೆ ಹೊಸ ತೂತು ಹೊಡೆಯಬೇಕಾಗುತ್ತದೆ. ಬೆಲ್ಟು, ಕೋವಿಯ ಪಟ್ಟಿ ಎರಡನ್ನೂ ಬೆನ್ನೆಲುಬಿನ ಉದ್ದಕ್ಕೇ ಕತ್ತರಿಸುತ್ತೇನೆ. ಎಮ್ಮೆಯ ಚರ್ಮ ದಪ್ಪ, ಒರಟು ನಾರಿನದು. ಪಟ್ಟಿಗೆ ಚೆನ್ನ, ಸಣ್ಣ ಕೆತ್ತನೆಗೆ ಅಷ್ಟಕ್ಕಷ್ಟೆ. ಆಡಿನದು ತೆಳುವಾದರೂ ಗಟ್ಟಿ, ಪರ್ಸಿನ ಒಳಗೆ ಅದೇ ಹಾಕುತ್ತೇನೆ. ಕುರಿಯದು ಕೈಗೆ ಹಿತ, ಬಾಳಿಕೆ ಕಡಿಮೆ.

ಒರೆಗೆ ಆಕಾರ ಕೊಡುವುದು ನೀರು. ಹೊಲಿದ ಒರೆಯನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ಏಳುತ್ತದೆ. ಗುಳ್ಳೆ ನಿಂತಾಗ ತೆಗೆದು ಪಕ್ಕಕ್ಕಿಡುತ್ತೇನೆ. ಮೇಲಿನ ಬಣ್ಣ ಮತ್ತೆ ತಿಳಿಯಾಗುತ್ತಾ ಬಂದರೂ ಮುಟ್ಟಿದರೆ ತಣ್ಣಗಿರಬೇಕು, ಅದೇ ಸಮಯ. ಆಗ ಪ್ಲಾಸ್ಟಿಕ್ ಸುತ್ತಿದ ಕತ್ತರಿಯನ್ನು ಒಳಗೆ ತೂರಿಸಿ, ಹೆಬ್ಬೆರಳಿನಿಂದ ಹಿಡಿಯ ಸುತ್ತ, ತಿರುಪಿನ ಸುತ್ತ ಒತ್ತುತ್ತಾ ಹೋಗುತ್ತೇನೆ. ಪ್ಲಾಸ್ಟಿಕ್ ಯಾಕೆಂದರೆ ಕಬ್ಬಿಣ, ನೀರು, ಒಗರು ಸೇರಿದರೆ ಚರ್ಮದ ಮೇಲೆ ಕಪ್ಪು ಕಲೆ. ಅದು ಹೋಗುವುದು ಕಷ್ಟ. ತಿರುಪಿನ ತಲೆಯ ಗುರುತು ಹೊರಗೆ ಕಾಣುವಷ್ಟು ಒತ್ತಿದರೆ ಒಣಗಿದ ಮೇಲೆ ಕತ್ತರಿ ತಾನಾಗಿ ಕಚ್ಚಿಕೊಂಡು ಕೂರುತ್ತದೆ, ಗುಂಡಿಯೂ ಬೇಡ, ಪಟ್ಟಿಯೂ ಬೇಡ. ಹೀಗೆ ಒಣಗಿದ ವೆಜ್ ಟ್ಯಾನ್ ಮೊದಲಿಗಿಂತ ಬಿರುಸಾಗಿರುತ್ತದೆ. ಕ್ರೋಮ್‌ನಲ್ಲಿ ಇಷ್ಟೆಲ್ಲ ಮಾಡಿದರೂ ಒಣಗಿದ ಮೇಲೆ ಹಳೆಯ ಆಕಾರಕ್ಕೇ ಬಂದುಬಿಡುತ್ತದೆ.

ಬೇಸಿಗೆಯಲ್ಲಿ ರಾತ್ರಿ ಕಳೆಯುವಷ್ಟರಲ್ಲಿ ಒಣಗುವುದು, ಜುಲೈನಲ್ಲಿ ಎರಡು ಮೂರು ದಿನ ಹಿಡಿಯುತ್ತದೆ. ಆಗ ಎಲ್ಲರಿಗೂ ಒಲೆಯ ಮೇಲೆ ನೇತುಹಾಕುವ ಆಸೆ. ಬೇಡ. ಒದ್ದೆ ವೆಜ್ ಟ್ಯಾನ್ ಸುಮಾರು 70ರಿಂದ 80 ಡಿಗ್ರಿ ಶಾಖಕ್ಕೆ ಕುಗ್ಗಿ, ಮರದಂತಾಗಿ, ಆಮೇಲೆ ಬಿರುಕು ಬಿಡುತ್ತದೆ. ಫ್ಯಾನಿನ ಗಾಳಿ ಸಾಕು.

ನಮ್ಮ ಮಳೆಗೆ ಬಿರುಸೂ ಸ್ವಲ್ಪ ಇಳಿಯುತ್ತದೆ, ಬೂಷ್ಟಂತೂ ಬಿಡುವುದಿಲ್ಲ. ಒರೆಸಿ, ಗಾಳಿಗಿಟ್ಟು, ಜೇನುಮೇಣ ತೆಳ್ಳಗೆ ಸವರುತ್ತೇನೆ. ಮೇಣ ಮೈಯನ್ನು ಮೆದು ಮಾಡುವುದಿಲ್ಲ. ತೆಂಗಿನೆಣ್ಣೆ ಸುರಿದು ತಿಕ್ಕುವವರಿಗೆ ಹೇಳಿ ಹೇಳಿ ಸಾಕಾಗಿದೆ, ಒರೆ ಸೊಟ್ಟಗಾದ ಮೇಲೆ ನನ್ನ ಹತ್ತಿರವೇ ತರುತ್ತಾರೆ!

ನಮ್ಮ ಕೊಡವರ ಆಯುಧದ ಹಬ್ಬ ಕೈಲ್‌ಪೊಳ್ದ್ ಹತ್ತಿರ ಬಂದರೆ ಕೋವಿಯ ಪಟ್ಟಿ, ತೋಟಾ (ಕೋವಿಯ ಗುಂಡು) ಸಿಕ್ಕಿಸುವ ಬೆಲ್ಟು ಕೇಳುತ್ತಾರೆ. ತೋಟಾ ಬೆಲ್ಟಿನಲ್ಲಿ ಎರಡು ಬಗೆಯ ಬಿರುಸು ಬೇಕು. ಬುಡದ ಪಟ್ಟಿ 3.5 ಎಂಎಂ, ತೋಟಾ ಹಿಡಿಯುವ ಕುಣಿಕೆ 1.5ರಿಂದ 2 ಎಂಎಂ. ಕುಣಿಕೆ ದಪ್ಪವಾದರೆ ತೋಟಾದ ಸುತ್ತ ಬಾಗುವುದಿಲ್ಲ, ಸಡಿಲವಾದರೆ ತೋಟಾ ಜಾರುತ್ತದೆ. ಕೊಡುವಾಗ ಒಂದು ಮಾತು ತಪ್ಪದೆ ಹೇಳುತ್ತೇನೆ: "ಅಣ್ಣ, ತೋಟಾ ಇದರಲ್ಲೇ ಬಿಟ್ಟು ಬೆಲ್ಟ್ ಎತ್ತಿಡಬೇಡಿ." ಚರ್ಮ ತಾಗಿದ ಹಿತ್ತಾಳೆಗೆ ಹಸಿರು ಕಿಲುಬು ಹಿಡಿಯುತ್ತದೆ, ಅದೂ ನಮ್ಮ ತೇವದಲ್ಲಿ.

ಬ್ಯಾಗಿನ ಲೆಕ್ಕ ತಿರುವುಮುರುವು. ಅಲ್ಲಿ ಬಿರುಸು ಬೇಕಿರುವುದು ತಳಕ್ಕೆ ಮಾತ್ರ. ಮೈಗೆ 1.4ರಿಂದ 1.8 ಎಂಎಂ ಕ್ರೋಮ್ ಹಾಕಿ, ತಳದ ಒಳಗೆ ವೆಜ್ ಟ್ಯಾನ್ ತುಂಡು ಅಂಟಿಸುತ್ತೇನೆ. ಪೂರ್ತಿ ವೆಜ್ ಟ್ಯಾನ್ ಬ್ಯಾಗು ಫೋಟೋದಲ್ಲಿ ಚೆಂದ, ಬಸ್ಸಿನಲ್ಲಿ ಹಿಡಿದು ಕೂರಲು ಸೂಟ್‌ಕೇಸು.

ಚೆನ್ನೈನ ಚರ್ಮದ ಪೇಟೆ ಪೆರಿಯಮೇಟಿನಿಂದ ತರಿಸುವಾಗ ಫೋನಿನಲ್ಲಿ "ಒಳ್ಳೆ ಲೆದರ್ ಕೊಡಿ" ಅಂದರೆ ಏನೂ ಹೇಳಿದಂತಾಗುವುದಿಲ್ಲ. ಏನು ಮಾಡುತ್ತೀರಿ, ವೆಜ್ ಟ್ಯಾನೋ ಕ್ರೋಮೋ, ಯಾವ ಭಾಗ, ಎಷ್ಟು ದಪ್ಪ, ಬಿರುಸೋ ಮೆದುವೋ, ಇಷ್ಟು ಹೇಳಿ. ಚದರ ಅಡಿ ಲೆಕ್ಕದಲ್ಲಿ ಪೂರ್ತಿ ಚರ್ಮ ಕೊಳ್ಳುವ ಮೊದಲು ಅಂಗೈ ಅಗಲದ ತುಂಡು ಕೇಳಿ ತರಿಸಿ. ಒಂದು ಸಲ ಮಡಚಿ, ಒಂದು ಸಲ ನೆನೆಸಿ ಒಣಗಿಸಿ, ಮತ್ತೆ ಮಡಚಿ ನೋಡಿ. ಮೇಲ್ಮೈ ಬಿರಿಯದಿದ್ದರೆ ದುಡ್ಡು ಕಳಿಸಿ.